ತೆರೆಯ ಮೇಲಿನ ಹಾವು, ಹಿತ್ತಲಿನ ಹಾವು

ಆಗುಂಬೆಯ ಹಾವು ಇಂದು ಲೋಕವಿಖ್ಯಾತವಾಗಿದೆ. ಹೆಬ್ರಿಯ ಕಡೆಯಿಂದ ಘಟ್ಟವೇರಿ ತೀರ್ಥಹಳ್ಳಿಗೆ ಹೋಗಿಬರುವ ನಮ್ಮ ಬಂಧುಗಳಿಗೆ ಆಗುಂಬೆಯೆಂದರೆ ಮಳೆ, ಸೂರ್ಯಾಸ್ತ, ಹೆಚ್ಚೆಂದರೆ ಶಂಕರನಾಗರು 'ಮಾಲ್ಗುಡಿ ಡೇಸ್' ಚಿತ್ರಿಸಿದ ಊರು ಎಂಬಷ್ಟೇ ನೆನಪು. ಆದರೆ 2024ನೆಯ ಇಸವಿಯಲ್ಲಿ ಅಲ್ಲಿಯ ಕಾಳಿಂಗ ಸರ್ಪವು ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಕನ್ನಡದ ಹೆಸರನ್ನೇ ಪಡೆಯಿತು. ಭಾರತದಿಂದ ಫಿಲಿಪೀನ್ಸಿನವರೆಗೆ ಇರುವ ಕಾಳಿಂಗಗಳೆಲ್ಲವೂ ಒಂದೇ ಜಾತಿಯವು ಎಂದು ಬಹುಕಾಲದಿಂದ ನಡೆದುಬಂದಿದ್ದ ಎಣಿಕೆಯನ್ನು ಶಾಸ್ತ್ರಜ್ಞರು ಆ ವರ್ಷ ಬಿಟ್ಟರು. ಅವುಗಳಲ್ಲಿ ನಾಲ್ಕು ಜಾತಿಗಳುಂಟೆಂದು ನಿರ್ಣಯಿಸಿದರು. ನಮ್ಮ ಪಶ್ಚಿಮ ಘಟ್ಟದ ಜಾತಿಗೆ ಅವರಿಟ್ಟ ಹೆಸರು 'ಒಫಿಯೋಫಾಗಸ್ ಕಾಳಿಂಗ'. ಹಾವನ್ನು ತಿನ್ನುವ ಕಾಳಿಂಗವೆಂದು ಅದರ ಅರ್ಥ. ಆಗುಂಬೆಯಲ್ಲಿ ನೆಲೆಸಿ ಈ ಹಾವನ್ನು ಬಹುಕಾಲ ಅಭ್ಯಸಿಸಿದ ಪಿ. ಗೌರಿಶಂಕರರು ಆ ಶಾಸ್ತ್ರಜ್ಞರ ತಂಡದಲ್ಲಿ ಒಬ್ಬರು.

ಒಂದು ಕಾಡುಹಾವಿಗೆ ಇಂತಹ ಮನ್ನಣೆ ಬಂದುದು ಶಾಸ್ತ್ರಗ್ರಂಥಗಳಿಂದ ಮಾತ್ರವಲ್ಲ. ಸಾಮಾನ್ಯ ಜನರು ಅದನ್ನು ಬಲ್ಲರೆಂದರೆ ಅದಕ್ಕೆ ಕಾರಣ ಸಾಕ್ಷ್ಯಚಿತ್ರಗಳು. ಮದರಾಸಿನಲ್ಲಿ ಹಾವುಗಳ ಉದ್ಯಾನವನ್ನೂ, 1976ರಲ್ಲಿ ಮೊಸಳೆಗಳ ಬ್ಯಾಂಕನ್ನೂ ಕಟ್ಟಿದ ರೋಮುಲಸ್ ವಿಟೇಕರರು ಕಾಳಿಂಗದ ಜೀವನವನ್ನು ಕುರಿತು ತೆಗೆದ ಚಿತ್ರವು ನ್ಯಾಶನಲ್ ಜಿಯೋಗ್ರಾಫಿಕ್ ಸಂಸ್ಥೆಯ ಮೂಲಕ ದೇಶದೇಶಗಳಲ್ಲಿ ಪ್ರದರ್ಶಿತವಾಗಿ 1998ರಲ್ಲಿ ಅಮೆರಿಕದ ಎಮ್ಮಿ ಪ್ರಶಸ್ತಿಯನ್ನು ಪಡೆಯಿತು. ಅವರೇ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. 2018ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಬಳಿಕ 2020ರ ಜನವರಿಯಲ್ಲಿ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮರ 'ವೈಲ್ಡ್ ಕರ್ನಾಟಕ' ಚಿತ್ರಮಂದಿರಗಳಿಗೆ ಬಂದಿತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರೂ ಕನ್ನಡದಲ್ಲಿ ರಿಷಭ್ ಶೆಟ್ಟರೂ ಅದಕ್ಕೆ ಧ್ವನಿಯಿತ್ತರು. ಹುಲಿ, ಆನೆಗಳ ಸಾಲಿನಲ್ಲಿ ಕಾಳಿಂಗಕ್ಕೂ ಅಲ್ಲಿ ಸ್ಥಾನ ದೊರಕಿತು. ಟಿಕೇಟು ಕೊಂಡು ಹಾವನ್ನು ನೋಡಿ ಜನರು ಚಪ್ಪಾಳೆ ತಟ್ಟುವ ಕಾಲ ಬಂದಿತೆಂದರೆ ನಮ್ಮ ಅಜ್ಜಂದಿರು ನಂಬುತ್ತಿದ್ದರೆ?

ಈ ಬದಲಾವಣೆಯನ್ನು ಕುರಿತು ನಮ್ಮ ವಾಚಕರೊಡನೆ ನಾಲ್ಕು ಮಾತನಾಡಬೇಕೆನಿಸಿದೆ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲು ಮುಚ್ಚಿ, ಚಾಪೆಯ ಮೇಲೆ ಒರಗಿ, ಮೊಬೈಲಿನಲ್ಲಿ ಹಾವು ಹಿಡಿಯುವ ಚಿತ್ರವನ್ನು ನೋಡುತ್ತ ನಿದ್ದೆಹೋಗುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಆಫೀಸಿನಿಂದ ಬಂದ ಗುಮಾಸ್ತರ ಮನೆಯಲ್ಲಿ ಮಕ್ಕಳು ಹಟಮಾಡಿ ಹಾಕಿಸಿಕೊಳ್ಳುವುದೂ ಅದನ್ನೇ. ಆ ಚಿತ್ರಗಳು ನಮ್ಮ ಮನಸ್ಸಿಗೆ ಏನು ಮಾಡುತ್ತವೆ, ಏನು ಮಾಡಲಾರವು ಎಂಬುದು ಕಾಲಹರಣದ ಪ್ರಶ್ನೆಯಲ್ಲ. ಕೆಲವೊಮ್ಮೆ ಅದು ಜೀವದ ಪ್ರಶ್ನೆ.

ಕಲ್ಲಿನ ನಾಗ, ಸಿನಿಮಾದ ನಾಗಿಣಿ

ನಾವು ವಾಸಿಸುವ ಊರಿನ ಹೆಸರಿನಲ್ಲೇ ನಾಗನಿದ್ದಾನೆ. ಊರ ನಡುವೆ ಹರಿಯುವ ನದಿಯೂ ನಾಗನದಿ. ಶ್ರಾವಣದ ಪಂಚಮಿಗೆ ಇಲ್ಲಿಯ ಮರಾಠಿ ಬಂಧುಗಳು ಪಚಮಢಿಯ ಗುಡ್ಡಗಳನ್ನು ಹತ್ತಿ ನಾಗದ್ವಾರದ ಯಾತ್ರೆ ಮಾಡುತ್ತಾರೆ. ನಮ್ಮವರು ಊರಿನ ನಾಗಬನವನ್ನು ನೆನೆದು ತನು ಎರೆಯಲು ಹಣ ಕಳುಹಿಸುತ್ತಾರೆ. ಕುಕ್ಕೆಗೆ ಹೋದವರು ಆಶ್ಲೇಷಾ ಬಲಿ ಮಾಡಿಸಿ ಬರುತ್ತಾರೆ. ನಾಗಬನದ ಒಂದು ಕಡ್ಡಿಯನ್ನೂ ಮುರಿಯಲಂಜುವ ಈ ಭಕ್ತಿಯಿಂದ ಕರಾವಳಿಯಲ್ಲಿ ಎಷ್ಟೋ ಹಳೆಯ ಮರಗಳು ಉಳಿದಿವೆ. ಅದು ಸಣ್ಣ ಉಪಕಾರವಲ್ಲ. ಆದರೆ ಅದೇ ನಾಗನು ಬನವನ್ನು ಬಿಟ್ಟು ಅಡಿಗೆಮನೆಗೆ ಬಂದನೆಂದರೆ ಕೈ ದೊಣ್ಣೆಯನ್ನು ಹುಡುಕುತ್ತದೆ. ಕಲ್ಲಿನ ನಾಗನಿಗೂ ಜೀವವುಳ್ಳ ನಾಗನಿಗೂ ನಾವು ತೋರುವ ಈ ಭೇದವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಎತ್ತಿ ಆಡಿದ್ದಾರೆ.

ಭಕ್ತಿಯ ಮೇಲೆ ಸಿನಿಮಾ ತನ್ನ ಬಣ್ಣವನ್ನು ಬಳಿಯಿತು. 1954ರ ಹಿಂದೀ 'ನಾಗಿನ್' ಚಿತ್ರದ ಪುಂಗಿಯ ರಾಗವನ್ನು ಮದುವೆಯ ಬ್ಯಾಂಡಿನವರು ಇಂದಿಗೂ ಬಿಟ್ಟಿಲ್ಲ. 1976ರ 'ನಾಗಿನ್' ಚಿತ್ರದಲ್ಲಿ ಗಂಡುಹಾವನ್ನು ಕೊಂದವರನ್ನು ಹೆಣ್ಣುಹಾವು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತದೆ. ಅಲ್ಲಿಂದ ಇತ್ತೀಚಿನ ಧಾರಾವಾಹಿಗಳವರೆಗೆ ಹಾವೆಂದರೆ ಹನ್ನೆರಡು ವರುಷದ ದ್ವೇಷ, ಹೆಡೆಯ ಮೇಲಿನ ಮಣಿ, ಹಾಲು, ಪುಂಗಿ. ನಿಜಾಂಶವು ಬೇರೆ. ಹಾವು ಹಗೆ ಸಾಧಿಸುವುದಿಲ್ಲ. ಕಂಡವರ ಮುಖವನ್ನು ನೆನಪಿಟ್ಟು ಬೆನ್ನಟ್ಟುವಷ್ಟು ಬುದ್ಧಿ ಅದಕ್ಕಿಲ್ಲ. ಹಾಲು ಅದರ ಆಹಾರವಲ್ಲ. ಅದಕ್ಕೆ ಹೊರಗಿವಿಯಿಲ್ಲ, ಪುಂಗಿಯ ಮುಂದೆ ಅದು ತೂಗುವುದು ರಾಗಕ್ಕಲ್ಲ, ಎದುರಿಗೆ ಆಡುತ್ತಿರುವ ಪುಂಗಿಯ ಮೇಲೆ ಕಣ್ಣಿಟ್ಟು ತನ್ನನ್ನು ಕಾಯ್ದುಕೊಳ್ಳುವುದಕ್ಕೆ.

ಕಂಡು ಕಲಿತ ಭಯ

ಹಾವಿನ ಭಯವು ನಮಗೆ ಹುಟ್ಟಿನಿಂದಲೇ ಬಂದುದೆ, ಅಥವಾ ಕಲಿತುದೆ? ಈ ಪ್ರಶ್ನೆಗೆ ಅಮೆರಿಕದ ಸೂಸನ್ ಮಿನೇಕಾ ಮತ್ತು ಮೈಕೇಲ್ ಕುಕ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕೋತಿಗಳ ಮೂಲಕ ಉತ್ತರವನ್ನು ಹುಡುಕಿದರು. ಪ್ರಯೋಗಶಾಲೆಯಲ್ಲೇ ಹುಟ್ಟಿ ಬೆಳೆದು ಹಾವನ್ನೇ ಕಾಣದ ಕೋತಿಗಳಿಗೆ ಹಾವಿನ ಅಂಜಿಕೆಯಿರಲಿಲ್ಲ. ಅವುಗಳಿಗೆ, ಹಾವನ್ನು ಕಂಡು ಬೆದರುವ ಇನ್ನೊಂದು ಕೋತಿಯ ವಿಡಿಯೋ ಚಿತ್ರವನ್ನು ತೋರಿಸಲಾಯಿತು. ನೋಡಿದ ಕೋತಿಗಳು ತಾವೂ ಹಾವಿಗೆ ಹೆದರತೊಡಗಿದವು. ಅದೇ ಚಿತ್ರವನ್ನು ಕತ್ತರಿಸಿ ಜೋಡಿಸಿ, ಆ ಕೋತಿಯು ಹೂವನ್ನು ಕಂಡು ಬೆದರಿದಂತೆ ತೋರಿಸಿದಾಗ ನೋಡಿದವು ಹೂವಿಗೆ ಹೆದರಲಿಲ್ಲ. ಆಟಿಕೆಯ ಮೊಸಳೆಗೆ ಹೆದರಲು ಕಲಿತವು. ಆಟಿಕೆಯ ಮೊಲಕ್ಕೆ ಹೆದರಲು ಕಲಿಯಲಿಲ್ಲ. ಅಂದರೆ ಹಾವು ಮೊಸಳೆಗಳ ಭಯಕ್ಕೆ ಮನಸ್ಸಿನಲ್ಲಿ ಹದಗೊಂಡ ನೆಲವೊಂದಿದೆ. ಬೀಜವನ್ನು ಬಿತ್ತುವುದು ಮಾತ್ರ ಕಣ್ಣು ಕಂಡ ದೃಶ್ಯ.

ಇದಕ್ಕಿಂತಲೂ ಮನನೀಯವಾದುದು ಅವರ ಇನ್ನೊಂದು ಪ್ರಯೋಗ. ಹಾವಿನ ಬಳಿ ಶಾಂತವಾಗಿರುವ ಕೋತಿಯನ್ನು ಮೊದಲೇ ಚೆನ್ನಾಗಿ ನೋಡಿದ್ದ ಕೋತಿಗಳಲ್ಲಿ ಹೆಚ್ಚಿನವು, ಆಮೇಲೆ ಬೆದರಿದ ಕೋತಿಯನ್ನು ಕಂಡರೂ ಭಯವನ್ನು ಹಿಡಿಯಲಿಲ್ಲ. ಸಿಡುಬಿಗೆ ದೇವಿ ಹಾಕಿಸಿದಂತೆ, ಮೊದಲು ಕಂಡ ಶಾಂತಭಾವವು ಅವನ್ನು ಕಾಯಿತು. ಮನೆಯಲ್ಲಿ ಹಿರಿಯರು ಹಲ್ಲಿಯನ್ನೋ ಕೇರೆಯನ್ನೋ ಕಂಡಾಗ ಕಿರಿಚದೆ ನಿಂತರೆ ಮಕ್ಕಳು ಏನು ಕಲಿತಾರೆಂಬುದನ್ನು ವಾಚಕರೇ ಊಹಿಸಬಹುದು.

ಒಳ್ಳೆಯ ಸಾಕ್ಷ್ಯಚಿತ್ರವು ಮಾಡುವ ಉಪಕಾರವೂ ಇದೇ. ಹೆಣ್ಣು ಕಾಳಿಂಗವು ಮಳೆಗಾಲಕ್ಕೆ ಮೊದಲು ತನ್ನ ಮೈಯಿಂದಲೇ ತರಗೆಲೆಗಳನ್ನು ಎಳೆದು ಗುಡ್ಡೆಹಾಕಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ವಾರಗಟ್ಟಲೆ ಉಪವಾಸವಿದ್ದು ಕಾಯುವುದನ್ನು ತೆರೆಯ ಮೇಲೆ ಕಂಡವನು ಅದನ್ನು ಬರಿಯ ವಿಷದ ಚೀಲವೆಂದು ಬಗೆಯಲಾರನು. ಹೀಗೆ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಬೇರೊಂದಿಲ್ಲ. ಮೊಸಳೆಯ ವಿಷಯವೂ ಅಂತೆಯೇ. 'ಮೊಸಳೆ ಕಣ್ಣೀರು' ಎಂಬ ನುಡಿಗಟ್ಟಿನಾಚೆ ಅದರ ಬಗ್ಗೆ ನಮಗೆ ತಿಳಿದಿದ್ದುದು ಏನು? ಮರಿಗಳು ಮೊಟ್ಟೆಯೊಳಗಿಂದ ಕೂಗಿದಾಗ ತಾಯಿಮೊಸಳೆಯು ಮರಳನ್ನು ಕೆದಕಿ, ಆ ಭಯಂಕರವಾದ ದವಡೆಗಳಲ್ಲೇ ಮರಿಗಳನ್ನು ನೋಯದಂತೆ ಎತ್ತಿ ನೀರಿಗೆ ಒಯ್ಯುವುದನ್ನು ನಮ್ಮ ಕಣ್ಣಿಗೆ ತಂದುದು ಕ್ಯಾಮರಾ. ತಾಯಿಯನ್ನು ಕಂಡಲ್ಲಿ ಮನುಷ್ಯನ ಮನಸ್ಸು ಕರಗುತ್ತದೆ.

ಯಾರು ಖಳನಾಯಕ?

ಆದರೆ ಸಾಕ್ಷ್ಯಚಿತ್ರವೂ ಒಂದು ಚಿತ್ರವೇ ಎಂಬುದನ್ನು ಮರೆಯಬಾರದು. 2016ರಲ್ಲಿ ಬಿ.ಬಿ.ಸಿ.ಯವರ 'ಪ್ಲಾನೆಟ್ ಅರ್ತ್' ಎರಡನೆಯ ಮಾಲಿಕೆಯಲ್ಲಿ ಬಂದ ಒಂದು ದೃಶ್ಯವು ಕೋಟ್ಯವಧಿ ಮೊಬೈಲುಗಳಲ್ಲಿ ಓಡಿತು. ಗಲಾಪಗೋಸ್ ದ್ವೀಪದಲ್ಲಿ ಆಗತಾನೆ ಮರಳಿನಿಂದೆದ್ದ ಇಗುವಾನದ ಮರಿಯೊಂದು ಸಮುದ್ರತೀರದ ಬಂಡೆಗಳ ಕಡೆಗೆ ಓಡುತ್ತದೆ. ಬಿರುಕುಗಳಿಂದ ಹಾವುಗಳ ಹಿಂಡೇ ಹೊರಬಿದ್ದು ಅಟ್ಟಿಸಿಕೊಂಡು ಬರುತ್ತದೆ. ಮರಿಯು ತಪ್ಪಿಸಿಕೊಂಡಾಗ ನೋಡಿದವರೆಲ್ಲ ನಿಟ್ಟುಸಿರು ಬಿಟ್ಟರು.

ಇಲ್ಲಿ ಗಮನಿಸಬೇಕಾದ ಮಾತುಂಟು. ಇಗುವಾನವೂ ಸರೀಸೃಪವೇ, ಹಾವೂ ಸರೀಸೃಪವೇ. ಓಡುವುದನ್ನು ನಾಯಕನನ್ನಾಗಿಯೂ ಅಟ್ಟುವುದನ್ನು ಖಳನನ್ನಾಗಿಯೂ ಮಾಡಿದುದು ಹಿನ್ನೆಲೆಯ ಸಂಗೀತ ಮತ್ತು ಕತ್ತರಿಯ ಕೆಲಸ. ಆ ಓಟವನ್ನು ಒಂದೇ ಮರಿಯ ಒಂದೇ ಓಟದಿಂದಲ್ಲ, ಬೇರೆ ಬೇರೆ ಸಲ ಚಿತ್ರಿಸಿದ ತುಣುಕುಗಳನ್ನು ಜೋಡಿಸಿ ಪೂರ್ಣಗೊಳಿಸಿದುದೆಂದು 2017ರಲ್ಲಿ ನಿರ್ಮಾಪಕರೇ ತಿಳಿಸಿದರು. ಇದರಲ್ಲಿ ಮೋಸವಿಲ್ಲ, ಕಥೆ ಹೇಳುವ ಕ್ರಮವೇ ಹಾಗೆ. ಆದರೆ ಅದೇ ಹಾವುಗಳಲ್ಲಿ ಒಂದನ್ನು ಮೊದಲಿನಿಂದ ತೋರಿಸಿ, ಅದರ ತಿಂಗಳುಗಳ ಹಸಿವನ್ನು ಹೇಳಿ, ಮೃದುವಾದ ಸಂಗೀತವನ್ನು ಕೂಡಿಸಿದ್ದರೆ ನಾವು ಹಾವಿನ ಪಕ್ಷವನ್ನೇ ವಹಿಸುತ್ತಿದ್ದೆವು. ತೆರೆಯ ಮೇಲಿನ ಒಂದು ಗಂಟೆಗಾಗಿ ಕಾಡಿನಲ್ಲಿ ತಿಂಗಳುಗಟ್ಟಲೆ ಕಾದಿರುತ್ತಾರೆ. ಹಾವು ತನ್ನ ಆಯುಷ್ಯದ ಹೆಚ್ಚುಭಾಗವನ್ನು ಬಿಲದಲ್ಲಿ, ಪೊದೆಯಲ್ಲಿ ಸುಮ್ಮನೆ ಬಿದ್ದು ಕಳೆಯುತ್ತದೆ. ಅದನ್ನು ತೋರಿಸಿದರೆ ನೋಡುವವರಾರು?

ಕೈಯಿಂದ ಹಿಡಿಯುವ ಹುಚ್ಚು

ಕಥೆಗಿಂತಲೂ ಅಪಾಯಕರವಾದುದು ಕೈಚಳಕ. 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ ಮೊಸಳೆಯ ಬೆನ್ನೇರಿ, ಹಾವಿನ ಬಾಲ ಹಿಡಿದು, ಮಗುವಿನ ಉತ್ಸಾಹದಿಂದ ಕೂಗುತ್ತ ಜಗತ್ತಿನ ಮನೆಮನೆಯನ್ನು ಹೊಕ್ಕರು. ಅಸಹ್ಯವೆಂದು ದೂರವಿಟ್ಟಿದ್ದ ಪ್ರಾಣಿಗಳನ್ನು ಪ್ರೀತಿಸಲು ಕಲಿಸಿದುದು ಅವರ ಪುಣ್ಯ. 2006ರ ಸಪ್ಟಂಬರ 4ರಂದು ಕಡಲಿನಲ್ಲಿ ಚಿತ್ರೀಕರಣದ ಸಂದರ್ಭದಲ್ಲಿ ತೊರಕೆ ಮೀನಿನ ಮುಳ್ಳು ಎದೆಗೆ ಚುಚ್ಚಿ ಅವರು ತೀರಿಕೊಂಡರು. ಅವರ ಹಿಂದೆ ಉಳಿದುದು ಎರಡು ಪಾಠ: ಪ್ರೀತಿಸು ಎಂಬುದೊಂದು, ಮುಟ್ಟು ಎಂಬುದೊಂದು. ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದು. ಹುಡುಗರ ಕೈಗೆ ಬೇಗ ಬರುವುದು ಎರಡನೆಯದೇ.

ಇಂದು ಪ್ರತಿ ಜಿಲ್ಲೆಯಲ್ಲಿಯೂ ಹಾವು ಹಿಡಿದು ಮೊಬೈಲಿನಲ್ಲಿ ತೋರಿಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಇವರನ್ನು ಸರ್ಪಮಿತ್ರರೆನ್ನುತ್ತಾರೆ. ಕೊಕ್ಕೆ, ಚೀಲಗಳೊಡನೆ ಬಂದು, ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸಿ, ಸದ್ದಿಲ್ಲದೆ ಕಾಡಿಗೆ ಬಿಡುವ ಮಿತ್ರರು ಪೂಜ್ಯರೇ. ಹೆಡೆಗೆ ಮುತ್ತಿಡುವವರನ್ನು, ಕೊರಳಿಗೆ ಸುತ್ತಿಕೊಳ್ಳುವವರನ್ನು ನಾವು ಮಿತ್ರರೆನ್ನಲಾರೆವು. ಕೇರಳದಲ್ಲಿ ಸಾವಿರಾರು ಹಾವುಗಳನ್ನು ಹಿಡಿದು ಪ್ರಖ್ಯಾತರಾದ ವಾವಾ ಸುರೇಶರನ್ನು 2022ರ ಜನವರಿಯ ಕೊನೆಯಲ್ಲಿ ಕೋಟ್ಟಯಂ ಬಳಿ ನಾಗರಹಾವು ಕಚ್ಚಿ, ಅವರು ಆಸ್ಪತ್ರೆಯಲ್ಲಿ ಸಾವಿನ ಬಾಗಿಲಿನವರೆಗೆ ಹೋಗಿ ಬಂದರು. ಅಷ್ಟು ಪಳಗಿದ ಕೈಗೇ ಹೀಗಾದರೆ ಮೊಬೈಲಿನಲ್ಲಿ ನೋಡಿ ಕಲಿತ ಕೈಯ ಪಾಡೇನು? 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಮೇರೆಗೆ ನಾಗರ, ಕೇರೆ ಮೊದಲಾದ ಹಾವುಗಳನ್ನು ಹಿಡಿದಿಡುವುದೂ ಕೊಲ್ಲುವುದೂ ಅಪರಾಧವೆಂಬುದು ನೆನಪಿರಲಿ. ನಿಧಿ ತೋರಿಸುವ 'ಎರಡು ತಲೆಯ ಹಾವು' ಎಂದು ಹೇಳಿ ಲಕ್ಷ ಲಕ್ಷದ ಆಸೆ ತೋರಿಸುವ ದಲ್ಲಾಳಿಗಳನ್ನೂ ನಂಬಬೇಡಿರಿ. ಅದು ಬಡಪಾಯಿ ಮಣ್ಣುಮುಕ್ಕ ಹಾವು. ಅದರ ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ, ಅಷ್ಟೆ. ಅದನ್ನು ಮಾರಲು ಹೋದವರಿಗೆ ದೊರೆಯುವುದು ನಿಧಿಯಲ್ಲ, ಜೇಲು.

ಚಿತ್ರವು ತೋರಿಸದ ಹಾವು

ಈಗ ನಮ್ಮ ಮುಖ್ಯವಾದ ಮಾತಿಗೆ ಬರೋಣ. ತೆರೆಯ ಮೇಲೆ ವಿಜೃಂಭಿಸುವ ಕಾಳಿಂಗವು ಮನುಷ್ಯನನ್ನು ಕಚ್ಚುವುದು ಅತಿ ವಿರಳ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷದ ಮದ್ದಿನ ಲೆಕ್ಕದಲ್ಲಿ ಅದು ಸೇರಿಯೇ ಇಲ್ಲ. ಆದರೆ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜುಮಾಡಿತು. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಸುಮಾರು ಅರ್ಧದಷ್ಟು ಸಾವು ಜೂನಿನಿಂದ ಸಪ್ಟಂಬರದವರೆಗಿನ ಮಳೆಯ ತಿಂಗಳುಗಳಲ್ಲಿ. ಇವರನ್ನು ಕೊಂದ ಹಾವುಗಳಿಗೆ ತೆರೆಯ ಮೇಲೆ ಕಾಳಿಂಗನ ವೈಭವವಿಲ್ಲ.

ಆ ಹಾವುಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ನಾಗರ. ಎರಡನೆಯದು ಕೊಳಕುಮಂಡಲ, ಇಲ್ಲಿಯವರು ಘೋಣಸ ಎನ್ನುತ್ತಾರೆ. ದಪ್ಪ ಮೈ, ಬೆನ್ನಮೇಲೆ ಸರಪಳಿಯಂತಹ ಗುರುತು, ಕುಕ್ಕರಿನ ಆವಿ ಹೊರಟಂತೆ ಬುಸುಗುಟ್ಟುವ ಸದ್ದು. ಮೂರನೆಯದು ಗರಗಸ ಮಂಡಲ, ಮರಾಠಿಯಲ್ಲಿ ಫುರಸೆ. ಗೇಣೆರಡು ಗೇಣಿನ ಸಣ್ಣ ಹಾವು, ಕೋಪವು ಮಾತ್ರ ದೊಡ್ಡದು. ನಾಲ್ಕನೆಯದು ಕಟ್ಟುಹಾವು, ಮರಾಠಿಯಲ್ಲಿ ಮಣ್ಯಾರ. ಮಿರುಗುವ ಕಪ್ಪು ಮೈಯ ಮೇಲೆ ತೆಳುವಾದ ಬಿಳಿಯ ಪಟ್ಟಿಗಳು.

ಈ ನಾಲ್ಕನೆಯದನ್ನು ಕುರಿತು ಹೋಟೆಲಿನ ಬಂಧುಗಳು ವಿಶೇಷವಾಗಿ ಲಕ್ಷ್ಯವಿಡಬೇಕು. ಕಟ್ಟುಹಾವು ಹಗಲು ಅಡಗಿದ್ದು ರಾತ್ರಿ ಸಂಚರಿಸುತ್ತದೆ. ಅದು ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು, ನಿದ್ದೆಯಲ್ಲಿ. ಹಲ್ಲು ಸಣ್ಣದು, ಇರುವೆ ಕಚ್ಚಿದಂತೆ, ಸೊಳ್ಳೆ ಕಚ್ಚಿದಂತೆ ತೋರುತ್ತದೆ. ಎಷ್ಟೋ ಸಲ ಎಚ್ಚರವೇ ಆಗುವುದಿಲ್ಲ. ಬಾವಿಲ್ಲ, ರಕ್ತವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಮಾತು ತೊದಲುವುದು. ತಡವಾದರೆ ಉಸಿರು ನಿಲ್ಲುವುದು. 'ರಾತ್ರಿ ಚೆನ್ನಾಗಿಯೇ ಇದ್ದನು' ಎಂದು ಮನೆಯವರು ಅಳುವ ಸಾವು ಇದು.

ನಾವು ಹೋಟೆಲಿನ ವ್ಯವಸಾಯವನ್ನು ಬಹುಕಾಲ ನಡೆಸಿದವರು. ನೌಕರರು ಎಲ್ಲಿ ಮಲಗುತ್ತಾರೆಂಬುದನ್ನು ಬಲ್ಲೆವು. ನಗರದ ನಡುಮಧ್ಯೆ ಮೂರನೆಯ ಮಾಳಿಗೆಯಲ್ಲಿರುವವರಿಗೆ ಅಂಜಿಕೆ ಕಡಿಮೆ. ಆದರೆ ಅಮರಾವತಿ ರಸ್ತೆ, ವರ್ಧಾ ರಸ್ತೆ, ಜಬಲಪುರ ರಸ್ತೆಗಳ ಮೇಲೆ ಊರ ಹೊರಗೆ ಇರುವ ಹೋಟೆಲುಗಳಲ್ಲಿ ಅಕ್ಕಿಮೂಟೆಯ ಕೋಣೆಯಲ್ಲೋ ಹಿಂದಿನ ಜಗಲಿಯಲ್ಲೋ ಚಾಪೆ ಹಾಸಿ ಮಲಗುವ ಹುಡುಗರು ಎಷ್ಟಿಲ್ಲ? ಮೂಟೆಯಿದ್ದಲ್ಲಿ ಇಲಿ, ಎಂಜಲಿದ್ದಲ್ಲಿ ಇಲಿ; ಇಲಿಯಿದ್ದಲ್ಲಿ ಹಾವು. ಹಾವು ಅಲ್ಲಿಗೆ ಬರುವುದು ನಮ್ಮನ್ನು ಹುಡುಕಿಕೊಂಡಲ್ಲ.

ಆದುದರಿಂದ ಮಾಲಿಕರಲ್ಲಿ ನಮ್ಮ ಬಿನ್ನಹವಿಷ್ಟು. ಮಲಗುವ ಪ್ರತಿಯೊಬ್ಬ ನೌಕರನಿಗೂ ಒಂದು ಮಂಚ, ಒಂದು ಸೊಳ್ಳೆಪರದೆ ಕೊಡಿರಿ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಸೊಳ್ಳೆಯ ಜೊತೆಗೆ ಹಾವೂ ದೂರವುಳಿಯುತ್ತದೆ. ಕಟ್ಟಿಗೆಯ ರಾಶಿಯನ್ನು ಮಲಗುವ ಜಾಗದಿಂದ ದೂರ ಮಾಡಿಸಿರಿ. ಎಂಜಲಿನ ಡಬ್ಬಕ್ಕೆ ಮುಚ್ಚಳವಿಡಿಸಿರಿ. ಹಿತ್ತಲಿನಲ್ಲಿ ಒಂದು ದೀಪವಿರಲಿ. ಇದರ ಖರ್ಚು ಒಂದು ಆಸ್ಪತ್ರೆಯ ಬಿಲ್ಲಿಗೆ ಸರಿಹೋಗದು. ಒಂದು ಜೀವಕ್ಕಂತೂ ಸಾಟಿಯೇ ಅಲ್ಲ. ನೌಕರ ಬಂಧುಗಳಲ್ಲಿ ಬಿನ್ನಹ: ಮಾಲಿಕರು ಮರೆತರೆ ನೆನಪಿಸಲು ಸಂಕೋಚಪಡಬೇಡಿರಿ. ರಾತ್ರಿ ಹಿತ್ತಲಿಗೆ ಹೋಗುವಾಗ ಆ ಮೊಬೈಲಿನ ದೀಪವನ್ನು ಕಾಲಬುಡಕ್ಕೆ ಹಿಡಿಯಿರಿ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರದವರಲ್ಲಿಗೆ ಹೋಗುವುದು ಯಾವುದೂ ಬೇಡ. ಹಾವನ್ನು ಹಿಡಿದು ತೋರಿಸಬೇಕಾಗಿಯೂ ಇಲ್ಲ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಧೈರ್ಯ ಹೇಳುತ್ತ, 108ಕ್ಕೆ ಕರೆಮಾಡಿ, ಇಲ್ಲವೆ ಸಿಕ್ಕಿದ ಆಟೋದಲ್ಲಿ ನೇರವಾಗಿ ಮೆಡಿಕಲ್ ಅಥವಾ ಮೇಯೋ ಆಸ್ಪತ್ರೆಗೆ ಸಾಗಿಸತಕ್ಕದ್ದು. ಹಾವು ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ತಿಳಿಸಬಹುದು. ಸರಕಾರಗಳೂ ಈಗ ಎಚ್ಚೆತ್ತಿವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಲೇಬೇಕೆಂದು ವಿಧಿಸಿತು. ಮರುತಿಂಗಳು ಕೇಂದ್ರ ಸರಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು.

ಇಂತಹ ಚಿತ್ರಗಳು ಬೇಕು

ಸಾಕ್ಷ್ಯಚಿತ್ರಗಳನ್ನು ನಾವು ಹಳಿಯುತ್ತಿಲ್ಲ. ಈ ಸಾವುಗಳ ಕಥೆಯನ್ನೇ ಹೇಳಿದ ಚಿತ್ರವೂ ಉಂಟು: 2011ರಲ್ಲಿ ಬಿ.ಬಿ.ಸಿ.ಯು ತೋರಿಸಿದ 'ಒನ್ ಮಿಲಿಯನ್ ಸ್ನೇಕ್ ಬೈಟ್ಸ್'. ಅದರಲ್ಲಿ ನಮ್ಮನ್ನು ಕರೆದೊಯ್ಯುವವರು ಕಾಳಿಂಗನನ್ನು ಪ್ರಸಿದ್ಧಗೊಳಿಸಿದ ಅದೇ ವಿಟೇಕರರು. ಹಾವನ್ನು ಪ್ರೀತಿಸುವುದಕ್ಕೂ ಹಾವಿನಿಂದ ಸಾಯುವ ಬಡವನಿಗಾಗಿ ಮರುಗುವುದಕ್ಕೂ ವಿರೋಧವಿಲ್ಲವೆಂದು ಇದರಿಂದ ತಿಳಿಯಬೇಕು. ತಮಿಳುನಾಡಿನ ಇರುಳರು ಒಂದು ಕಾಲಕ್ಕೆ ಹಾವುಗಳನ್ನು ಕೊಂದು ಚರ್ಮ ಮಾರಿ ಬದುಕುತ್ತಿದ್ದರು. ಚರ್ಮದ ವ್ಯಾಪಾರ ನಿಷಿದ್ಧವಾದ ಮೇಲೆ, 1978ರಲ್ಲಿ ಅವರದೊಂದು ಸಹಕಾರ ಸಂಘವು ಸ್ಥಾಪಿತವಾಯಿತು. ಅವರು ಹಾವನ್ನು ಹಿಡಿದು, ವಿಷವನ್ನು ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಿಂದ ಪ್ರತಿವಿಷವನ್ನು ಪಡೆಯುತ್ತಾರೆ. ಆಸ್ಪತ್ರೆಯಲ್ಲಿ ನಮ್ಮ ನರಕ್ಕೆ ಏರುವ ಔಷಧವು ಹಾವಿನಿಂದ, ಕುದುರೆಯಿಂದ, ಇರುಳರ ಕೈಯಿಂದ ಬಂದುದು. ಕೊಲ್ಲುವುದರಿಂದಲೇ ಕಾಯುವುದನ್ನು ಪಡೆದುದಕ್ಕಿಂತ ಮಿಗಿಲಾದ ಕಥೆಯನ್ನು ಯಾವ ಚಿತ್ರವು ಹೇಳೀತು?

ಭಕ್ತಿಯು ನಮಗೆ ಹಾವಿನ ಮೇಲೆ ಗೌರವವನ್ನು ಕಲಿಸಿತು. ಸಾಕ್ಷ್ಯಚಿತ್ರವು ಅಕ್ಕರೆಯನ್ನು ಕಲಿಸಿತು. ಕಲಿಯಬೇಕಾದ ಮೂರನೆಯದು ಅಂತರ. ಕಾಳಿಂಗವನ್ನು ತೆರೆಯ ಮೇಲೆ ಕಣ್ತುಂಬ ನೋಡಿರಿ. ನಿಮ್ಮ ಮಕ್ಕಳಿಗೂ ತೋರಿಸಿರಿ. ಹಿತ್ತಲಿನಲ್ಲಿ ಹೋಗುವ ಕೇರೆಯನ್ನು ಅದರ ಪಾಡಿಗೆ ಬಿಡಿರಿ. ಅದು ನಿಮ್ಮ ಅಕ್ಕಿಮೂಟೆಯ ಕಾವಲುಗಾರ, ಸಂಬಳ ಕೇಳುವುದಿಲ್ಲ. ಮತ್ತು ಈ ಮಳೆಗಾಲ ಬರುವುದರೊಳಗೆ ಮಲಗುವ ಜಾಗಕ್ಕೊಂದು ಪರದೆಯನ್ನು ಕಟ್ಟಿರಿ.